ಕಣ್ಣು ತೆಗೆದಿದೆ

“ಹಿಂದಿನ ಕಡೆ ಹಿಡೀರಿ ಅಜ್ಜ, ಮುಂದೆ ಗುಂಡಿಗಳಿದಾವೆ,” ಎಂದ ಟೈಲರ್.

ವಾಚಿನಜ್ಜ ಕೈ ಬದಲಿಸಿದರು. ಇಬ್ಬರೂ ಸೇರಿ ಕಪಾಟಿನಿಂದ ಇಳಿಸುತ್ತಿದ್ದ ಕರಿಯ ಪೆಟ್ಟಿಗೆ ನೋಡುವುದಕ್ಕೆ ಬಟ್ಟೆಯ ಟ್ರಂಕಿನಷ್ಟೂ ಇರಲಿಲ್ಲ. ಎತ್ತಿದರೆ ಮಾತ್ರ ಬೀಸುವ ಕಲ್ಲು.

“ಅಬ್ಬಬ್ಬಾ! ಇದರೊಳಗೆ ಏನು ತುಂಬಿಟ್ಟಿದಾನೆ ಮಹಾರಾಯ? ಅವನನ್ನ ಹೊರೋಕೆ ನಾಲ್ಕು ಜನ ಸಾಕು, ಇದಕ್ಕೆ ಆರು ಜನ ಬೇಕು.”

ಅಂದ ಮೇಲೆ ಯಾರ ಮುಂದೆ ಅಂದೆ ಎಂಬುದು ನೆನಪಾಗಿ ಟೈಲರ್ ಗೋಡೆಗೊರಗಿ ಕೂತಿದ್ದ, ತೀರಿಹೋದವನ ಅಕ್ಕನ ಕಡೆ ನೋಡಿದ. ಅಕ್ಕ ಬೇಸರಪಟ್ಟುಕೊಂಡ ಹಾಗೆ ಕಾಣಲಿಲ್ಲ.

“ಭಾರ ಇದ್ದಷ್ಟೂ ಒಳ್ಳೇದಂತೆ,” ಎಂದಳು. “ಅವನೇ ಹೇಳಿದ್ದ. ಹಗುರ ಇರೋದು ಅಲುಗಾಡುತ್ತಂತೆ, ಅಲುಗಾಡಿದ್ರೆ ಹಾಡು ಕೆಡುತ್ತಂತೆ.”

ಪೆಟ್ಟಿಗೆಯನ್ನು ತಂದು ದೇಹದ ತಲೆಯ ಕಡೆ ಒಂದು ಸ್ಟೂಲಿನ ಮೇಲೆ ಇಟ್ಟರು. ಮುಂದೆ ರಿಪೇರಿ ಅಂಗಡಿ, ಹಿಂದೆ ಇದೊಂದೇ ಕೋಣೆ. ಮಂಚ, ಒಲೆ, ಕಪಾಟು, ಒಂದು ಕುರ್ಚಿ ಎಲ್ಲ ಇದರಲ್ಲೇ. ಓಣಿಗೆ ತೆರೆಯುವ ಬಾಗಿಲು, ಬಾಗಿಲಿಗೆ ಎರಡು ಮೆಟ್ಟಿಲು, ಓಣಿಯ ಆಚೆಗೆ ಟೈಲರ್‌ನ ಅಂಗಡಿ. ಕುರ್ಚಿಯನ್ನು ಬಾಗಿಲಿಗೆ ಮುಖ ಮಾಡಿ ಹಾಕಿತ್ತು. ಅದನ್ನು ಯಾರೂ ಸರಿಸಿರಲಿಲ್ಲ, ಅದರ ಮೇಲೆ ಯಾರೂ ಕೂತಿರಲೂ ಇಲ್ಲ. ನಿನ್ನೆ ಬೆಳಿಗ್ಗೆ ಅವನು ಸಿಕ್ಕಿದ್ದು ಆ ಕುರ್ಚಿಯಲ್ಲೇ.

ಸಿಕ್ಕಿದ್ದು ಟೈಲರ್‌ಗೆ. ಮೊನ್ನೆ ಸಂಜೆ ಅಂಗಡಿ ಮುಚ್ಚುವಾಗಲೂ ಅವನು ನೋಡಿದ್ದ: ಬಾಗಿಲು ತೆರೆದಿದೆ, ಕಿವಿಗೆ ಹೆಡ್‌ಫೋನ್ ಇದೆ, ಪೆಟ್ಟಿಗೆಯಲ್ಲಿ ಹಳದಿ ದೀಪ ಇದೆ, ಮನುಷ್ಯ ಕಣ್ಣು ಮುಚ್ಚಿ ಕೂತಿದ್ದಾನೆ. ಹಾಡು ಕೇಳುತ್ತಿದ್ದಾನೆ ಎಂದುಕೊಂಡು ಮಾತಾಡಿಸದೆ ಹೋಗಿದ್ದ. ಬೆಳಿಗ್ಗೆ ಬಂದಾಗಲೂ ಹಾಗೇ ಇದ್ದ. ಆಗಲೂ ಟೈಲರ್ ತನ್ನ ಅಂಗಡಿ ತೆರೆದು, ಕಸ ಗುಡಿಸಿ, ಒಂದು ಪ್ಯಾಂಟಿನ ಕಾಲು ಮಡಚಿ ಹೊಲಿದು, ಆಮೇಲೆ ಹೋಗಿ ಭುಜ ಮುಟ್ಟಿದ್ದ.

ಇದನ್ನು ಅವನು ನಿನ್ನೆಯಿಂದ ಬಂದವರಿಗೆಲ್ಲ ಹೇಳಿದ್ದ. ಪ್ಯಾಂಟಿನ ಮಾತನ್ನು ಮಾತ್ರ ಹೇಳಿರಲಿಲ್ಲ.

ಹನ್ನೊಂದಕ್ಕೆ ಗಾಡಿ ಬರುವುದಿತ್ತು. ಮೊದಲನೇ ಬಸ್ಸಿಗೆ ಬಂದಿಳಿದ ಅಕ್ಕ ಅಳುವುದನ್ನು ಬಸ್ಸಿನಲ್ಲೇ ಮುಗಿಸಿಕೊಂಡು ಬಂದವಳ ಹಾಗಿದ್ದಳು. ತಮ್ಮನ ಮುಖ ನೋಡಿದಳು, ಹೊದಿಕೆಯ ಅಂಚು ಸರಿಮಾಡಿದಳು, ಒಂದೇ ಒಂದು ಮಾತು ಕೇಳಿದಳು. “ಹೋಗೋಕೆ ಮುಂಚೆ ಅವನ ಮಿಶಿನ್‌ನಲ್ಲಿ ಒಂದು ಹಾಡು ಹಾಕ್ರಪ್ಪ. ದಿನಾ ಕೇಳ್ತಿದ್ದನಲ್ಲ.”

ತಾಯಿ ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷ ತಮ್ಮ ಈ ಕೋಣೆಯಲ್ಲಿ ಒಬ್ಬನೇ ಇದ್ದ. ಮದುವೆಯ ಮಾತು ಎರಡು ಮೂರು ಸಲ ಬಂದು ಹೋಗಿತ್ತು. ಅಕ್ಕನ ಊರು ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಅಲ್ಲಿ ಹೊಲ, ಐದು ಹಸು, ಮಗ, ಸೊಸೆ, ಮೊಮ್ಮಕ್ಕಳು. ಬಂದು ನಮ್ಮ ಜೊತೆ ಇರೋ ಎಂದು ಅವಳು ಕರೆದಾಗಲೆಲ್ಲ ಅವನು ಬೇಡ ಎನ್ನುತ್ತಿದ್ದ. ಬೇಡ ಎಂದ ಮೇಲೂ ಒತ್ತಿ ಕರೆಯಬಹುದಿತ್ತು. ಕರೆದರೆ ಅವನನ್ನು ಮಲಗಿಸುವುದೆಲ್ಲಿ ಎಂಬ ಲೆಕ್ಕ ತಲೆಯಲ್ಲಿ ಓಡುತ್ತಿತ್ತು, ನಾಲಗೆ ಅಲ್ಲೇ ನಿಲ್ಲುತ್ತಿತ್ತು. ಆಗೆಲ್ಲ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಒಂದು ಸಮಾಧಾನವಿತ್ತು: ಅವನಿಗೆ ಹಾಡಿದೆ.

ಭಾನುವಾರ ಫೋನು ಮಾಡುತ್ತಿದ್ದಳು.

“ಏನ್ ಮಾಡ್ತಿದೀಯೋ?”

“ಹಾಡು ಕೇಳ್ತಿದೀನಕ್ಕ.”

“ಹಂಗಾದ್ರೆ ಕೇಳು, ನಂಗೂ ಹಾಲು ಕರೆಯೋ ಹೊತ್ತು,” ಎಂದು ಇಟ್ಟುಬಿಡುತ್ತಿದ್ದಳು.

ಆ ಹಾಡನ್ನು ಅವಳಿಗೆ ಇವತ್ತು ಕೇಳಬೇಕಿತ್ತು. ಅವನ ಜೊತೆಗಿದ್ದದ್ದು ಏನು ಎಂದು ಒಂದು ಸಲ ಕಿವಿಯಾರೆ ಕೇಳಿ, ಆಮೇಲೆ ಕಳಿಸಬೇಕಿತ್ತು.

ಟೈಲರ್ ಮುಂದಿನ ರಿಪೇರಿ ಅಂಗಡಿಯಿಂದ ಎರಡು ಸ್ಪೀಕರುಗಳನ್ನು ತಂದ. ವಾಚಿನಜ್ಜ ತಂತಿ ಸಿಕ್ಕಿಸಿದರು. ಗುಂಡಿ ಒತ್ತಿದಾಗ ಹಳದಿ ದೀಪ ಹತ್ತಿತು. ಇನ್ನೊಂದು ಗುಂಡಿ ಒತ್ತಿದಾಗ ನಾಲಗೆಯಂಥ ತಟ್ಟೆ ಸದ್ದಿಲ್ಲದೆ ಹೊರಗೆ ಬಂತು. ಕಪಾಟಿನಲ್ಲಿದ್ದ ಮೂರು ಸಿ.ಡಿ.ಗಳಲ್ಲಿ ಮೇಲಿನದನ್ನು ಇಟ್ಟರು. ತಟ್ಟೆ ಒಳಗೆ ಹೋಯಿತು. ಬಾಗಿಲಲ್ಲಿ ನಿಂತವರೆಲ್ಲ ಮಾತು ನಿಲ್ಲಿಸಿದರು.

ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಗಾಜಿನ ಮೇಲೆ ಅಕ್ಷರ ಮೂಡಿತು.

“ಏನಂತೆ?” ಎಂದಳು ಅಕ್ಕ.

“ಒಳಗೆ ಸಿ.ಡಿ. ಇಲ್ಲ ಅಂತಿದೆ,” ಎಂದರು ವಾಚಿನಜ್ಜ.

“ಈಗ ತಾನೆ ನುಂಗ್ತಲ್ರೀ! ಉಂಡು ಕೈ ತೊಳೆದು ಊಟ ಹಾಕಿಲ್ಲ ಅಂದಂಗಾಯ್ತು,” ಎಂದ ಟೈಲರ್.

ಎರಡನೆಯದು ಹಾಕಿದರು. ಮೂರನೆಯದು ಹಾಕಿದರು. ಅದೇ ಅಕ್ಷರ.

“ಮೊನ್ನೆ ಸಂಜೆ ಓಡ್ತಿತ್ತು. ನಾನೇ ಕಣ್ಣಾರೆ ನೋಡಿದೀನಿ.”

“ನೋಡಿದ್ದು ದೀಪ,” ಎಂದರು ವಾಚಿನಜ್ಜ. ಜೇಬಿನಿಂದ ವಾಚು ರಿಪೇರಿಯ ತಮ್ಮ ಕರಿಯ ಭೂತಗನ್ನಡಿ ತೆಗೆದರು. “ಸ್ಕ್ರೂಡ್ರೈವರ್ ಕೊಡು. ಮುಚ್ಚಳ ಬಿಚ್ಚೋಣ. ಅವನ ಕೈ ಆಡಿದ್ರೆ ಒಳಗೆ ಚೀಟಿ ಇದ್ದೇ ಇರುತ್ತೆ.”

*

ಆ ಪೆಟ್ಟಿಗೆ ಕೊಳ್ಳುವ ದಿನ ಅಕ್ಕ ಅವನ ಜೊತೆಗಿದ್ದಳು. ಹನ್ನೊಂದು ವರ್ಷದ ಹಿಂದಿನ ಮಾತು. ಅವಳ ಕಣ್ಣು ತೋರಿಸಲು ಇಬ್ಬರೂ ದೂರದ ಪಟ್ಟಣಕ್ಕೆ ಹೋಗಿದ್ದರು. ಆಸ್ಪತ್ರೆ ಮುಗಿದ ಮೇಲೆ, ಒಂದು ಮನೆಗೆ ಹೋಗೋದಿದೆ, ನೀನೂ ಬಾ ಎಂದ.

ಊರಿನವರಿಗೆಲ್ಲ ಅವನು ಬೇಡಣ್ಣ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಹಾಲಿನ ಡೇರಿಯ ತೂಕದ ಯಂತ್ರ, ಎಲ್ಲವನ್ನೂ ರಿಪೇರಿ ಮಾಡುತ್ತಿದ್ದ. ಆದರೆ ಹಳೆಯದೇನನ್ನಾದರೂ ಕೊಳ್ಳಲೇ ಎಂದು ಯಾರು ಕೇಳಿದರೂ ಮೊದಲು ಬರುವ ಮಾತು ‘ಬೇಡ’. ಅದರಲ್ಲೂ ಸಿ.ಡಿ. ಪ್ಲೇಯರ್. ದೊಡ್ಡ ಮನೆಗಳವರು ಹೊಸ ತರಹದ್ದಕ್ಕೆ ಮನಸೋತು, ಒಂದು ಕಾಲದಲ್ಲಿ ಕಾರಿನ ಬೆಲೆ ಕೊಟ್ಟು ತಂದ ಪ್ಲೇಯರುಗಳನ್ನು ಸಿಕ್ಕಿದ ದುಡ್ಡಿಗೆ ಮಾರತೊಡಗಿದ ಕಾಲ ಅದು. ಆಸೆಗೆ ಬಿದ್ದವರು ಇವನನ್ನು ಕೇಳಲು ಬರುತ್ತಿದ್ದರು. “ಹೊರಗೆ ಅರಮನೆ ಕಣಪ್ಪ, ಒಳಗೆ ಒಂದು ಕಣ್ಣು. ಕಾಳಿನಷ್ಟು. ಹಾಡು ಓದೋದು ಅದು. ಬೆಲ್ಟ್ ಹೋದ್ರೆ ಬೆಲ್ಟ್ ಸಿಗುತ್ತೆ, ಮೋಟಾರ್ ಹೋದ್ರೆ ಏನಾದ್ರೂ ಮಾಡ್ತೀನಿ. ಕಣ್ಣು ಹೋದ್ರೆ ಮುಗೀತು. ಅದನ್ನ ಮಾಡ್ತಿದ್ದೋರು ಮಾಡೋದು ಬಿಟ್ಟು ಎಷ್ಟೋ ವರ್ಷ ಆಯ್ತು. ಬೇಡ.”

ಅಂಥವನು ಅವತ್ತು ಒಂದು ಮುಚ್ಚಿದ ಮನೆಯ ಜಗಲಿಯ ಮೇಲೆ ಮಂಡಿಯೂರಿ ಕೂತಿದ್ದ. ತೀರಿಹೋದ ಡಾಕ್ಟರರೊಬ್ಬರ ಮನೆ. ಸೊಸೆ ಸಾಮಾನು ತೆಗೆಯುತ್ತಿದ್ದಳು. ಅಕ್ಕ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ತಮ್ಮನ ಕೆಲಸ ನೋಡಿದಳು. ಅವನು ಚೀಲದಿಂದ ಮೂರು ಸಿ.ಡಿ. ತೆಗೆದ. ಒಂದು ಚೊಕ್ಕಟವಾದದ್ದು. ಇನ್ನೊಂದು ಬೇಕೆಂದೇ ಗೀರು ಹಾಕಿದ್ದು. ಮೂರನೆಯದು ಯಾವುದೋ ಅಂಗಡಿಯಲ್ಲಿ ನಕಲು ಮಾಡಿಸಿದ್ದು. ಕಣ್ಣು ಸೋತ ಪ್ಲೇಯರ್ ಆ ನಕಲನ್ನು ಮೊದಲು ಒಲ್ಲೆ ಎನ್ನುತ್ತದಂತೆ. ಪ್ರತಿಯೊಂದರಲ್ಲೂ ಕೊನೆಯ ಹಾಡನ್ನೇ ಹಾಕಿ ಕೇಳಿದ. ತಟ್ಟೆ ಹೊರಗೆ ಬರುವಾಗ ಕಿವಿ ಹತ್ತಿರ ತಂದ. ಒಂದು ಗಂಟೆ ಓಡಲು ಬಿಟ್ಟು, ಬಿಸಿಯಾದ ಮೇಲೆ ಇನ್ನೊಮ್ಮೆ ಗೀರಿನದನ್ನು ಹಾಕಿದ.

“ಹಸು ಕೊಳ್ಳೋವಾಗ ಬಾಯಿ ಬಿಡಿಸಿ ಹಲ್ಲು ನೋಡಿದಂಗಾಯ್ತಲ್ಲೋ,” ಎಂದಳು ಅಕ್ಕ.

“ಅದೇ ಕೆಲಸ ಅಕ್ಕ.”

“ಹಲ್ಲು ಹೆಂಗಿದೆ?”

“ಇದೆ. ಆದ್ರೆ ಎಷ್ಟು ದಿನ ಅಂತ ಹೇಳೋಕಾಗಲ್ಲ. ನಾಳೆ ಹೋದ್ರೂ ಹೋಯ್ತು, ಹತ್ತು ವರ್ಷ ಬಂದ್ರೂ ಬಂತು.”

“ಹಂಗಿದ್ರೆ ಬೇಡ ಅನ್ನು. ಊರಿಗೆಲ್ಲ ಅಂತೀಯ.”

ಡಾಕ್ಟರರ ಸೊಸೆ ಒಳಗಿನಿಂದ ಬಂದು, ತಗೊಳ್ತೀರಾ ಎಂದು ಕೇಳಿ ಹೋದಳು. ಜಗಲಿಯಲ್ಲಿ ಕೊಳಲು ಒಂದು ಉದ್ದನೆಯ ಸ್ವರ ಹಿಡಿದು ನಿಂತಿತ್ತು. ಅದು ಇಳಿಯುವ ತನಕ ಅವನು ಕಾದ.

“ಎಲ್ರಿಗೂ ಬೇಡ ಬೇಡ ಅಂತ ಹೇಳಿ ಹೇಳಿ ನಾಲಗೆ ಕಹಿಯಾಗಿದೆ ಅಕ್ಕ. ಒಂದೇ ಒಂದು ಸಲ ಹೂಂ ಅಂತೀನಿ.”

ಅಕ್ಕ ನಕ್ಕಳು. “ಅನ್ನು. ಹಾಲು ಬತ್ತಿದ್ರೂ ಕೊಟ್ಟಿಗೆಗೆ ಒಂದು ಜೀವ ಅಂತ ಇರುತ್ತೆ.”

ಬಸ್‌ಸ್ಟ್ಯಾಂಡಿನ ತನಕ ಪೆಟ್ಟಿಗೆಯ ಒಂದು ಮಗ್ಗುಲನ್ನು ಅವಳೂ ಹಿಡಿದಿದ್ದಳು. ನಡುನಡುವೆ ಇಳಿಸಿ, ನಕ್ಕು, ಉಸಿರು ಬಿಟ್ಟುಕೊಂಡರು. ತಮ್ಮ ಅಷ್ಟು ನಕ್ಕಿದ್ದನ್ನು ಅವಳು ಆಮೇಲೆ ನೋಡಲಿಲ್ಲ.

*

ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದಾಗ ಒಳಗೆ ಧೂಳಿನ ಕಣವೂ ಇರಲಿಲ್ಲ. ತಾಮ್ರದ ಸುರುಳಿ, ಸಾಲು ಸಾಲು ಪುಟ್ಟ ಡಬ್ಬಿ, ಎಲ್ಲ ತೊಳೆದಿಟ್ಟ ಪಾತ್ರೆಯ ಹಾಗೆ. ನಡುವೆ ಮಾತ್ರ ಒಂದು ಖಾಲಿ ಗೂಡು. ಅಲ್ಲಿಗೆ ಬರುತ್ತಿದ್ದ ತಂತಿಗಳ ತುದಿಗೆ ಕಾಗದದ ಟೇಪು ಸುತ್ತಿ ಮಡಚಿ ಇಟ್ಟಿತ್ತು. ಮುಚ್ಚಳದ ಒಳಮೈಗೆ ಚೀಟಿ ಅಂಟಿಸಿತ್ತು.

ಬೇಡಣ್ಣ ಬಿಚ್ಚಿದ ಯಾವ ಯಂತ್ರವನ್ನೂ ಚೀಟಿ ಅಂಟಿಸದೆ ಮುಚ್ಚಿದವನಲ್ಲ. ಏನು ತೆಗೆದೆ, ಏನು ಹಾಕಿದೆ, ಯಾವತ್ತು. ಮುಂದೆ ಬಿಚ್ಚುವವನು ತಡಕಾಡಬಾರದು ಎಂಬುದು ಅವನ ಪಾಠ. ಊರಿನ ಅರ್ಧ ಮಿಕ್ಸಿಗಳ ಹೊಟ್ಟೆಯಲ್ಲಿ ಅವನ ಅಕ್ಷರವಿತ್ತು.

ವಾಚಿನಜ್ಜ ಭೂತಗನ್ನಡಿ ಹಿಡಿದು ಗಟ್ಟಿಯಾಗಿ ಓದಿದರು. ಮೊದಲು ಆರು ವರ್ಷದ ಹಿಂದಿನ ಒಂದು ತಾರೀಖು. ಆಮೇಲೆ: “ಕಣ್ಣು ತೆಗೆದಿದೆ. ನರ್ಸಮ್ಮನವರ ಪ್ಲೇಯರಿಗೆ ಹಾಕಿದೆ.”

ಬಾಗಿಲಿನ ಹೊರಗೆ, ಮೆಟ್ಟಿಲಿನ ಕೆಳಗೆ, ಹೆಂಗಸರ ನಡುವೆ ನಿಂತಿದ್ದ ನರ್ಸಮ್ಮನ ಕಡೆ ಎಲ್ಲರೂ ತಿರುಗಿದರು. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದ ಹೆಂಗಸು. ಆ ಓಣಿಯ ಎಷ್ಟೋ ಮಕ್ಕಳನ್ನು ಮೊದಲು ಎತ್ತಿಕೊಂಡವಳು. ಅಜ್ಜ ಓದಿದ್ದು ಕೇಳದವಳ ಹಾಗೆ ಅವಳು ಹುಬ್ಬು ಕೂಡಿಸಿ ನಿಂತಿದ್ದಳು.

“ಆರು ವರ್ಷ,” ಎಂದಳು ಅಕ್ಕ. “ಆರು ವರ್ಷದಿಂದ ಇದು ಹಾಡಿಲ್ವಾ?”

“ಕಣ್ಣಿಲ್ಲದೆ ಹೆಂಗೆ ಹಾಡುತ್ತಮ್ಮ?” ವಾಚಿನಜ್ಜ ಮುಚ್ಚಳವನ್ನು ಮೆಲ್ಲಗೆ ಇಟ್ಟರು.

“ಮತ್ತೆ ದಿನಾ ಕಿವಿಗೆ ಹಾಕ್ಕೊಂಡು ಕೂರ್ತಿದ್ದ?”

ಟೈಲರ್ ಕುರ್ಚಿಯನ್ನೂ, ಬಾಗಿಲಾಚೆಗೆ ಕಾಣುವ ತನ್ನ ಹೊಲಿಗೆ ಮಿಶಿನನ್ನೂ ನೋಡುತ್ತಿದ್ದ. ಹತ್ತು ಹೆಜ್ಜೆ ಇದ್ದೀತು. ಅವನ ಮುಖ ನಿಧಾನವಾಗಿ ಕಪ್ಪಿಟ್ಟಿತು.

“ಹಂಗಾದ್ರೆ ನಾನು ಅಂದದ್ದೆಲ್ಲ ಕೇಳಿಸ್ಕೊಂಡ್ನಾ?”

“ಏನಂದಿದ್ದೆ?” ಎಂದರು ಅಜ್ಜ.

“ಏನಿಲ್ಲ ಬಿಡಿ. ಕಿವಿಗೆ ಮುಚ್ಚಳ ಹಾಕ್ಕೊಂಡಿದಾನೆ ಅಂತ ಗಿರಾಕಿ ಹತ್ರ ಏನೇನೋ ಆಡ್ತಿದ್ದೆ. ಕಿವುಡನ ಮುಂದೆ ಕಿನ್ನರಿ ಅಂತ ನಗ್ತಿದ್ದೆ. ಬೇಡಣ್ಣಂಗೆ ಹೆಂಡ್ತೀನೂ ಬೇಡ, ನಾವೂ ಬೇಡ, ಪೆಟ್ಟಿಗೆ ಒಂದೇ ಸಾಕು ಅಂದಿದ್ದೆ.” ತಡೆದ. “ಒಂದ್ಸಲ ನನ್ನ ಮಿಶಿನ್ ಪೆಡಲು ಕಿರ್ ಅನ್ನುತ್ತೆ, ಕಾಲು ನೋಯುತ್ತೆ ಅಂತ ಒಬ್ಬರ ಹತ್ರ ಅಂದಿದ್ದೆ. ಬೆಳಿಗ್ಗೆ ಬಂದು ತುಳಿದ್ರೆ ಬೆಣ್ಣೆ ಬೆಣ್ಣೆ. ಮಿಶಿನ್ ಜಗಲಿ ಮೇಲಿತ್ತು, ರಾತ್ರಿ ತಂಪಿಗೆ ತಾನೇ ಸರಿಹೋಯ್ತು ಅಂದ್ಕೊಂಡೆ ನಾನು, ಮುಂಡೇದು.”

ಅಕ್ಕ ಅವನನ್ನು ನೋಡುತ್ತಿರಲಿಲ್ಲ. ಅವಳಿಗೆ ಭಾನುವಾರಗಳು ನೆನಪಾಗುತ್ತಿದ್ದವು. ಹಾಡು ಕೇಳ್ತಿದೀನಕ್ಕ. ಹಂಗಾದ್ರೆ ಕೇಳು. ವರ್ಷಕ್ಕೆ ಐವತ್ತೆರಡು. ಅವಳು ಇಟ್ಟ ಮೇಲೆ ಅವನು ಫೋನನ್ನು ಕಿವಿಯಲ್ಲಿ ಎಷ್ಟು ಹೊತ್ತು ಹಿಡಿದಿರುತ್ತಿದ್ದನೋ. ಆ ಕಡೆಯಿಂದ ಹಾಡಿನ ಸದ್ದು ಯಾವತ್ತೂ ಬಂದಿರಲಿಲ್ಲ; ಹೆಡ್‌ಫೋನ್ ಇದೆಯಲ್ಲ ಎಂದುಕೊಂಡಿದ್ದಳು.

ಓಣಿಯ ತುದಿಯಲ್ಲಿ ಗಾಡಿಯ ಹಾರ್ನ್ ಕೇಳಿತು.

“ಬಂತು,” ಎಂದ ಟೈಲರ್. “ಅಕ್ಕಾ, ಏಳಿ.”

*

ಸ್ಮಶಾನ ಸಾಮಿಲ್ಲಿನ ಹಿಂದೆ, ನೀಲಗಿರಿ ಮರಗಳ ಸಾಲಿನ ಕೆಳಗೆ. ಗುಂಡಿ ತೋಡಿ ಆಗಿತ್ತು. ಬಂದಿದ್ದವರು ಹದಿನೇಳು ಜನ, ಅವರಲ್ಲಿ ನಾಲ್ವರು ಹೊತ್ತವರು. ಮಿಲ್ಲಿನ ಗರಗಸ ಹಲಗೆ ಸೀಳುತ್ತಿತ್ತು. ಗಾಡಿ ಬಂದದ್ದನ್ನು ಕಂಡು ಯಾರೋ ನಿಲ್ಲಿಸಿದರು. ಮಣ್ಣು ಬೀಳುವ ಸದ್ದಿನ ನಂತರ ಅದು ಮತ್ತೆ ಶುರುವಾಯಿತು.

ಜನ ಕೈಕಾಲು ತೊಳೆಯಲು ನಲ್ಲಿಯ ಕಡೆ ಹೋದಾಗ ನರ್ಸಮ್ಮ ಅಕ್ಕನ ಪಕ್ಕ ಬಂದು ನಿಂತಳು.

“ನಂಗೆ ಗೊತ್ತಿರ್ಲಿಲ್ಲ,” ಎಂದಳು. “ನಂಬ್ತೀರೋ ಇಲ್ವೋ. ಧೂಳು ಕೂತಿತ್ತು, ಒರೆಸಿದೆ ಅಂದ್ರು. ಅಷ್ಟೇ ಅಂದ್ರು.”

ಅಕ್ಕ ಹೊಸ ಮಣ್ಣನ್ನೇ ನೋಡುತ್ತ, “ಹೇಳಿ,” ಎಂದಳು.

*

ನರ್ಸಮ್ಮನ ಗಂಡ ಬಸ್ ಡ್ರೈವರ್ ಆಗಿದ್ದವನು. ಒಂದು ಬೆಳಿಗ್ಗೆ ಎಡಗೈ ಎಡಗಾಲು ಬಿದ್ದುಹೋಗಿ ಹಾಸಿಗೆ ಹಿಡಿದ. ಮಾತೂ ಹೋಯಿತು. ಸುಮ್ಮನೆ ಮಲಗಿರುವುದು ಅವನಿಂದ ಆಗುತ್ತಿರಲಿಲ್ಲ. ಬಲಗೈಯಿಂದ ಮಂಚದ ಕಂಬಿಯನ್ನು ದಿನವಿಡೀ ಕುಟ್ಟುತ್ತಿದ್ದ. ಒಂದು ಸಲ ಪಕ್ಕದ ಮನೆಯಲ್ಲಿ ಹಾಡು ಕೇಳಿದಾಗ ಕೈ ನಿಂತಿತು. ಆ ವಾರವೇ, ಬಾಗಿಲು ಮುಚ್ಚಿದ ಒಂದು ಹೋಟೆಲಿನಲ್ಲಿ ಹಳೆಯ ಸಿ.ಡಿ. ಪ್ಲೇಯರ್ ಮಾರಾಟಕ್ಕಿದೆ ಎಂದು ತಿಳಿಯಿತು. ಬಹಳ ದೊಡ್ಡ ಹೆಸರಿನದು. ಅವಳು ಬೇಡಣ್ಣನನ್ನು ಕೇಳಿದಳು.

“ಬೇಡ ನರ್ಸಮ್ಮ. ಹೋಟೆಲಿನಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೂ ಓಡಿಸಿರ್ತಾರೆ. ಕಣ್ಣು ಅರ್ಧ ಹೋಗಿರುತ್ತೆ. ಹೊಸದು, ಸಣ್ಣದು, ಅಗ್ಗದ್ದು ಒಂದು ತಗೊಳ್ಳಿ.”

ಅವಳು ಕೇಳಲಿಲ್ಲ. ದೊಡ್ಡ ಹೆಸರಿನದನ್ನೇ ತಂದಳು. ನಲವತ್ತು ದಿನ ಅದು ಹಾಡಿತು, ಗಂಡನ ಕೈ ನಲವತ್ತು ದಿನ ಸುಮ್ಮನಿತ್ತು. ನಲವತ್ತೊಂದನೆಯ ದಿನ ಪ್ಲೇಯರ್ ನಿಂತಿತು. ಸಂಜೆಯೊಳಗೆ ಕಂಬಿಯ ಸದ್ದು ಬೀದಿಗೆ ಕೇಳಿತು.

ಬೇಡಣ್ಣ ಬಂದು ನೋಡಿದ. ನಾನು ಹೇಳಲಿಲ್ಲವೇ ಎನ್ನುತ್ತಾನೆ ಎಂದು ಅವಳು ಕಾದಳು. ಅನ್ನಲಿಲ್ಲ. ಮಂಚದ ಬಳಿ ಸ್ವಲ್ಪ ಹೊತ್ತು ನಿಂತ. ಡ್ರೈವರನ ಬೆರಳಿನ ಗೆಣ್ಣುಗಳು ಸುಲಿದಿದ್ದವು. “ಎರಡು ದಿನ ಕೊಡಿ,” ಎಂದು ಪೆಟ್ಟಿಗೆ ಹೊತ್ತುಕೊಂಡು ಹೋದ. ಎರಡೇ ದಿನಕ್ಕೆ ತಂದುಕೊಟ್ಟ. ಅದು ಮೊದಲಿಗಿಂತ ಚೆನ್ನಾಗಿ ಹಾಡಿತು.

ಎರಡೂ ಪೆಟ್ಟಿಗೆಗಳ ಮೇಲಿನ ಹೆಸರು ಬೇರೆಯಾದರೂ ಒಳಗಿನ ಕಣ್ಣು ಒಂದೇ ಜಾತಿಯದು ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು?

ಆಮೇಲೆ ಅವನು ಎದುರು ಸಿಕ್ಕಾಗಲೆಲ್ಲ ಅವಳು ಕೆಣಕುತ್ತಿದ್ದಳು. “ಏನ್ ಬೇಡಣ್ಣಾ, ನಾಳೆ ಹೋಗುತ್ತೆ ಅಂದಿದ್ರಿ? ಮೂರು ವರ್ಷ ಆಯ್ತು, ಕೋಗಿಲೆ ಹಾಡಿದಂಗೆ ಹಾಡ್ತಿದೆ.” ನಾಲ್ಕು ವರ್ಷ ಆಯ್ತು. ಐದು ವರ್ಷ ಆಯ್ತು. ಅವನು ತಲೆ ಕೆರೆದುಕೊಂಡು, “ಒಂದೊಂದು ಹಂಗೆ ಇರುತ್ತೆ,” ಎನ್ನುತ್ತಿದ್ದ. ಊರಿನಲ್ಲಿ ಬೇಡಣ್ಣನ ಮಾತು ಸುಳ್ಳಾದದ್ದು ಒಂದೇ ಸಲ ಎಂದು ಅವಳು ಎಲ್ಲರ ಮುಂದೆ ಹೇಳಿಕೊಂಡು ನಕ್ಕಿದ್ದಳು. ಅದನ್ನು ಕೇಳಿ ಇನ್ನಿಬ್ಬರು ಹೋಗಿ ಹಳೆಯ ಪ್ಲೇಯರ್ ಕೊಂಡು ಕೈ ಸುಟ್ಟುಕೊಂಡಿದ್ದರು.

ಹೋದ ವರ್ಷ ಗಂಡ ತೀರಿಕೊಂಡ. ಅವತ್ತಿನಿಂದ ಅವಳು ಪ್ಲೇಯರಿನ ಮೇಲೆ ಒಂದು ಬಟ್ಟೆ ಹೊದಿಸಿಬಿಟ್ಟಳು. ಆ ಹಾಡು ಶುರುವಾದರೆ ಕಂಬಿಯ ಕಡೆ ಕಣ್ಣು ಹೋಗುತ್ತದೆ, ಬೇಡವೆನಿಸಿತು.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬೇಡಣ್ಣ ಬಾಗಿಲಿಗೆ ಬಂದಿದ್ದ.

“ಮಿಶಿನ್ ಓಡ್ತಿದೆಯಾ ನರ್ಸಮ್ಮ?”

ನಿಲ್ಲಿಸಿಬಿಟ್ಟಿದೀನಿ ಎಂದರೆ ಅವನಿಗೆ ನೋವಾಗಬಹುದು ಎನಿಸಿತು ಅವಳಿಗೆ. ಅವನು ಸರಿಮಾಡಿದ್ದಕ್ಕೇ ಅದು ಅಷ್ಟು ವರ್ಷ ಓಡಿದ್ದು.

“ಓಡ್ತಿದೆ ಅಣ್ಣ. ದಿನಾ ಕೇಳ್ತೀನಿ. ಅದಿಲ್ದಿದ್ರೆ ನಂಗೆ ಯಾರಿದಾರೆ?”

“ಸರಿ,” ಎಂದ. “ಓಡಲಿ.”

ಇನ್ನೂ ಒಂದು ಗಳಿಗೆ ನಿಂತೇ ಇದ್ದ. ಒಳಗೆ ಕರೆಯಬೇಕಿತ್ತು. ಒಳಗೆ ಬಂದರೆ ಹೊದಿಸಿದ ಬಟ್ಟೆ ಕಾಣುತ್ತದೆ. ಅವಳು ಬಾಗಿಲಿನ ಚೌಕಟ್ಟು ಹಿಡಿದೇ ನಿಂತಳು. ಅವನ ಕೈಯಲ್ಲಿ ಒಂದು ದೊಡ್ಡ ಖಾಲಿ ಚೀಲ ಮಡಚಿ ಇತ್ತು. ಮಾರ್ಕೆಟ್ಟಿಗೆ ಹೊರಟಿದ್ದಾನೆ ಎಂದುಕೊಂಡಿದ್ದಳು.

*

ಅಕ್ಕನ ಬಸ್ಸು ಇದ್ದದ್ದು ಮಾರನೆಯ ಬೆಳಿಗ್ಗೆ. ಸಂಜೆ ಐದರ ಹೊತ್ತಿಗೆ ಓಣಿಯಲ್ಲಿ ತಳ್ಳುಗಾಡಿಯ ಸದ್ದಾಯಿತು. ನರ್ಸಮ್ಮ ಮುಂದೆ, ಟೈಲರ್ ಹಿಂದೆ, ಗಾಡಿಯ ಮೇಲೆ ಬಟ್ಟೆ ಹೊದಿಸಿದ ಪೆಟ್ಟಿಗೆ. ವಾಚಿನಜ್ಜ ಭೂತಗನ್ನಡಿಯ ಸಮೇತ ಹಿಂದೆಯೇ ಬಂದರು.

“ಇದು ನಿಮ್ಮದು,” ಎಂದಳು ನರ್ಸಮ್ಮ. ನಡೆದ ಆಯಾಸಕ್ಕೆ ಮೆಟ್ಟಿಲ ಮೇಲೆ ಕೂತಳು. “ಇವರು ಕಣ್ಣು ತೆಗೆದು ನಿಮ್ಮ ತಮ್ಮನದಕ್ಕೆ ಹಾಕ್ತಾರಂತೆ. ಹಾಡು ಕೇಳಿ. ಆಮೇಲೆ ಊರಿಗೆ ತಗೊಂಡು ಹೋಗಿ.”

ಅಕ್ಕ ವಾಚಿನಜ್ಜನನ್ನು ನೋಡಿದಳು. “ಆಗುತ್ತಾ?”

“ಆಗುತ್ತೆ. ಕೂದಲಿನಷ್ಟು ತಂತಿ, ಕೈ ನಡುಗಬಾರದು. ತೆಗೆಯೋವಾಗ ಹೋದ್ರೆ ಎರಡೂ ಪೆಟ್ಟಿಗೆ ಕುರುಡು. ಉಳಿದ್ರೂ ಎಷ್ಟು ದಿನ ಅಂತ ನಾನು ಹೇಳೋನಲ್ಲ.” ಅಜ್ಜ ತಮ್ಮ ಬೆರಳುಗಳನ್ನು ನೋಡಿಕೊಂಡರು. “ಅವನಿದ್ದಿದ್ರೆ ಬೇಡ ಅಂತಿದ್ದ.”

“ಮೊದಲು ಬಿಚ್ಚಿ,” ಎಂದಳು ಅಕ್ಕ.

ಮುಚ್ಚಳ ಎತ್ತಿದರು. ಒಳಗೆ ಆ ಗೂಡಿನಲ್ಲಿ ಕಣ್ಣಿತ್ತು. ನೀಲಿ ಬೆರೆತ ಒಂದು ಹನಿಯಂತೆ, ನಿಜಕ್ಕೂ ಕಾಳಿನಷ್ಟೇ. ಅಕ್ಕ ಬಗ್ಗಿ ನೋಡಿದಳು. ತನ್ನ ಮುಖದ ಚೂರು ಅದರಲ್ಲಿ ಕಂಡಂತಾಯಿತು. ಚೀಟಿ ಇಲ್ಲೂ ಮುಚ್ಚಳದ ಒಳಮೈಗೇ ಇತ್ತು. ಅಕ್ಷರ ಅದೇ, ತಾರೀಖೂ ಅದೇ.

ಅಜ್ಜ ಓದಿದರು. “ಕಣ್ಣು ಹಳೆಯದು ಹಾಕಿದೆ. ಓಡಿದಷ್ಟು ದಿನ ಓಡಲಿ.” ಅದರ ಕೆಳಗೆ ಇನ್ನೊಂದು ಸಾಲಿತ್ತು. ಅಜ್ಜ ಭೂತಗನ್ನಡಿಯನ್ನು ಹತ್ತಿರ ತಂದು, ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ಬಾಯಿಬಿಟ್ಟರು. “ವಾಪಸ್ ಕೇಳಬಾರದು.”

“ಯಾರಿಗೆ ಬರೆದದ್ದು ಇದು?” ಎಂದ ಟೈಲರ್. “ಮುಂದೆ ಬಿಚ್ಚೋನಿಗಾ?”

“ಮುಂದೆ ಬಿಚ್ಚೋನೂ ಅವನೇ ತಾನೆ,” ಎಂದರು ಅಜ್ಜ. “ಈ ಊರಲ್ಲಿ ಇನ್ಯಾರಿದ್ರು?”

ನರ್ಸಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. “ಚೀಲ ತಂದಿದ್ರು,” ಎಂದಳು, ಸೆರಗಿನ ಒಳಗಿನಿಂದಲೇ. “ಅವತ್ತು ದೊಡ್ಡ ಚೀಲ ತಂದಿದ್ರು.”

ಓಣಿಯಲ್ಲಿ ಬಿಸಿಲು ಟೈಲರನ ಬಾಗಿಲಿನ ತನಕ ಹಿಂದೆ ಸರಿದಿತ್ತು. ಅಜ್ಜ ಸ್ಕ್ರೂಡ್ರೈವರ್ ಹಿಡಿದು ಕಾಯುತ್ತಿದ್ದರು.

“ಬೇಡ,” ಎಂದಳು ಅಕ್ಕ.

“ಅಕ್ಕಾ...”

“ಬೇಡಪ್ಪ. ಅವನೇ ಬರೆದಿದಾನಲ್ಲ.” ಅವಳು ಕೈಯಾರೆ ಮುಚ್ಚಳವನ್ನು ಎತ್ತಿ ಅಜ್ಜನಿಗೆ ಕೊಟ್ಟಳು. “ನರ್ಸಮ್ಮ, ದಿನಾ ಕೇಳ್ತೀನಿ ಅಂತ ಅವನಿಗೆ ಹೇಳಿದೀರಿ. ತಗೊಂಡು ಹೋಗಿ. ಕೇಳಿ.”

ಗದರಿದ್ದೋ ಬೇಡಿಕೊಂಡದ್ದೋ ಹೇಳುವುದು ಕಷ್ಟವಿತ್ತು. ನಾಲ್ಕು ಸ್ಕ್ರೂಗಳನ್ನು ಅಜ್ಜ ಒಂದೊಂದಾಗಿ ಬಿಗಿದರು. ಪೆಟ್ಟಿಗೆ ಮತ್ತೆ ತಳ್ಳುಗಾಡಿ ಹತ್ತಿತು. ಈ ಸಲ ನರ್ಸಮ್ಮ ಅದರ ಮೇಲೆ ಬಟ್ಟೆ ಹೊದಿಸಲಿಲ್ಲ, ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಟೈಲರ್ ಗಾಡಿ ತಳ್ಳಿದ. ಓಣಿಯ ಉಬ್ಬುತಗ್ಗಿಗೆ ಅದು ಕುಲುಕದಂತೆ ಅವಳು ಒಂದು ಕೈಯಿಂದ ಪೆಟ್ಟಿಗೆ ಹಿಡಿದು ನಡೆದಳು.

ಅಜ್ಜ ಹೋದರು. ಕೋಣೆ ಖಾಲಿಯಾಯಿತು.

ಅಕ್ಕ ದೀಪ ಹಾಕಿದಳು. ಒಲೆಯ ಪಕ್ಕದ ಎರಡು ಪಾತ್ರೆ ತೊಳೆದಿಟ್ಟಳು. ಒಂದೇ ತಟ್ಟೆ, ಒಂದೇ ಲೋಟ. ಮಾಡುವುದಕ್ಕೆ ಇನ್ನೇನೂ ಉಳಿಯಲಿಲ್ಲ. ಆಗ ಅವಳು ಕುರ್ಚಿಯ ಮೇಲೆ ಕೂತಳು. ಕೈಗೆ ಸಿಗುವ ಹಾಗೆ ಸ್ಟೂಲಿನ ಮೇಲೆ ತಮ್ಮನ ಪೆಟ್ಟಿಗೆ ಇತ್ತು. ಹೆಡ್‌ಫೋನಿನ ಮೆತ್ತೆಗಳು ಸವೆದು ಕರಿಯ ಚರ್ಮ ಉದುರುತ್ತಿತ್ತು. ತಲೆಯ ಮೇಲಿನ ಪಟ್ಟಿ ಅವಳಿಗೆ ದೊಡ್ಡದಾಯಿತು; ಕಿರಿದು ಮಾಡುವುದು ಗೊತ್ತಾಗಲಿಲ್ಲ. ಗುಂಡಿ ಒತ್ತಿದಳು. ಹಳದಿ ದೀಪ ಹತ್ತಿತು. ಕಣ್ಣು ಮುಚ್ಚಿದಳು.

ಮೊದಲು ತನ್ನ ಉಸಿರು ಕೇಳಿತು. ಆಮೇಲೆ ಎಲ್ಲ ಕೇಳಿತು. ಸಾಮಿಲ್ಲು ನಿಲ್ಲುವುದು, ದೂರದ ಬಸ್ಸು ಗೇರು ಬದಲಿಸುವುದು, ಹಿಂದಿರುಗಿದ ತಳ್ಳುಗಾಡಿಯನ್ನು ಗೋಡೆಗೆ ಒರಗಿಸುವುದು. ಟೈಲರ್ ಹೊಲಿಯಲು ಕೂತ. ಪೆಡಲು ಕಿರ್ ಎನ್ನಲಿಲ್ಲ.

ಸ್ವಲ್ಪ ಹೊತ್ತಿಗೆ ಬಳೆಯ ಸದ್ದಾಯಿತು. ಟೈಲರನ ಹೆಂಡತಿ ಊಟ ತಂದಿದ್ದಳು. ಬೆಳಿಗ್ಗೆ ಅವಳು ಕೋಣೆಯಲ್ಲಿರಲಿಲ್ಲ, ಮಕ್ಕಳನ್ನು ನೋಡಿಕೊಂಡು ಮನೆಯಲ್ಲೇ ಇದ್ದವಳು. ಎರಡು ಮೆಟ್ಟಿಲು ಹತ್ತಿದಳು, ಬಾಗಿಲಲ್ಲಿ ನಿಂತಳು. ಅಕ್ಕ ಕಣ್ಣು ತೆರೆಯಬೇಕೆಂದುಕೊಂಡಳು.

ಪೆಡಲಿನ ಸದ್ದು ನಿಂತಿತು. “ಕೊಟ್ಯಾ?” ಎಂದು ಆ ಕಡೆಯಿಂದ ಟೈಲರ್ ಕೇಳಿದ.

“ಶ್! ಮೆತ್ತಗೆ,” ಎಂದಳು ಹೆಂಡತಿ. “ಪಾಪ, ಹಾಡು ಕೇಳ್ತಾ ಇದಾರೆ.”

ಪೆಡಲಿನ ಸದ್ದು ಮತ್ತೆ ಶುರುವಾಗಲಿಲ್ಲ. ಮೆಟ್ಟಿಲ ಮೇಲೆ ತಟ್ಟೆ ಇಟ್ಟ ಸದ್ದಾಯಿತು, ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿದ ಸದ್ದಾಯಿತು. ಬಳೆ ಸದ್ದಾಗದಂತೆ ಒತ್ತಿ ಹಿಡಿದುಕೊಂಡು ಅವಳು ತುದಿಗಾಲಿನಲ್ಲಿ ಓಣಿ ದಾಟಿ ಹೋಗುವುದು ಕೊನೆಯ ಹೆಜ್ಜೆಯ ತನಕ ಅಕ್ಕನಿಗೆ ಕೇಳಿಸುತ್ತಲೇ ಇತ್ತು.